ಹಿಂದಿನ ಸಾಲಿಗೂ ಒಂದು ಮೈಕು

ಬೆಳಕು ಹರಿಯುವ ಮುಂಚೆಯೇ ವಾರ್ಡಿನ ಸಭಾಭವನದ ಬಾಗಿಲು ತೆರೆದಿದೆ. ಕುರ್ಚಿಗಳಿನ್ನೂ ಒಂದರ ಮೇಲೊಂದು ನಿಂತಿವೆ. ಅವುಗಳ ನಡುವೆ ಮಂಡಿಯೂರಿ ಕುಳಿತವರೊಬ್ಬರು ಕಪ್ಪು ವೈರನ್ನು ಗೋಡೆಯ ಅಂಚಿಗೆ ಒತ್ತಿ ಟೇಪು ಅಂಟಿಸುತ್ತಿದ್ದಾರೆ. ಬಾಗಿಲ ಹತ್ತಿರ ಇನ್ನೊಂದು ಪಟ್ಟಿ ಹೆಚ್ಚಿಗೆ ಅಂಟಿಸಿ, ಅಂಗೈಯಿಂದ ಸವರಿ ನೋಡುತ್ತಾರೆ. "ವಯಸ್ಸಾದವರು ಕಾಲು ಎಳ್ಕೊಂಡು ಬರ್ತಾರಮ್ಮ, ಎಡವಬಾರ್ದು" ಎನ್ನುತ್ತಾರೆ. ಹಾಗೆನ್ನುವಾಗ ಅವರ ಕಣ್ಣು ನನ್ನ ಊರುಗೋಲಿನ ಮೇಲೆ.

ಆಮೇಲೆ ಎದ್ದು ಹಿಂದಿನ ಸಾಲಿಗೆ ಹೋಗಿ ಮೈಕು ಹಿಡಿಯುತ್ತಾರೆ. "ಹಲೋ, ಟೆಸ್ಟಿಂಗ್. ಒಂದು, ಎರಡು, ಮೂರು." ಮೈಕಿನಲ್ಲಿ ಅವರು ಈವರೆಗೆ ಆಡಿರುವ ಮಾತು ಇಷ್ಟೇ. ಬೀದಿಯವರು ಅವರನ್ನು ಕರೆಯುವುದೂ ಟೆಸ್ಟಿಂಗಣ್ಣ ಎಂದೇ.

ಇವತ್ತಿನ ಸಭೆಯಲ್ಲಿ ತೀರ್ಮಾನವಾಗಬೇಕಾದದ್ದು ಈ ಮೈಕಿನ ಹಣೆಬರಹ. ಪ್ರತಿ ಸಭೆಯಲ್ಲೂ ವೇದಿಕೆಯ ಮೈಕಿನ ಜೊತೆ ಜನರಿಗೂ ಒಂದು ಮೈಕು ಇರಲೇಬೇಕೆಂಬ ನಿಯಮವಾಗುತ್ತದೆಯೇ, ಅಥವಾ ವಾರ್ಡಿನ ಸದಸ್ಯರು ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದಾಗುತ್ತದೆಯೇ?

ಟೆಸ್ಟಿಂಗಣ್ಣನ ಅಂಗಡಿ ಮೆಟ್ಟಿಲ ಕೆಳಗಿದೆ. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೇ ನಿಲ್ಲಬೇಕು. ರೇಡಿಯೊ ರಿಪೇರಿ ಅಪ್ಪನಿಂದ ಬಂದ ಕಸುಬು. ಹೆಂಡತಿ ವೈರು ಸುತ್ತುತ್ತಾರೆ, ಸ್ಪೀಕರಿಗೆ ಗವಸು ಹೊಲಿಯುತ್ತಾರೆ, ಗಂಡನ ಪರವಾಗಿ ಮಾತೂ ಆಡುತ್ತಾರೆ. "ಊರಿಗೆಲ್ಲ ಬಾಯಿ ಕೊಡ್ತಾರೆ. ಮನೇಲಿ ಇವರ ಬಾಯಿ ಬಿಡಿಸೋಕೆ ನಾನು ಸ್ಕ್ರೂಡ್ರೈವರ್ ಹಿಡ್ಕೋಬೇಕು."

ಚುನಾವಣೆ ಬಂದರೆ ಅವರಿಗೆ ಕೈತುಂಬ ಕೆಲಸ. ಎಲ್ಲ ಪಕ್ಷದವರೂ ಅವರನ್ನೇ ಕರೆಯುತ್ತಾರೆ. ಯಾರ ಭಾಷಣಕ್ಕೂ ಸದ್ದು ಏರಿಸಿಲ್ಲ, ಇಳಿಸಿಲ್ಲ ಎಂಬುದು ಅವರ ಹೆಮ್ಮೆ. "ಎಲೆಕ್ಷನ್ ಚೆನ್ನಾಗೇ ನಡೆಯುತ್ತೆ. ಸುಳ್ಳು ಹೇಳಬಾರ್ದು. ಇಷ್ಟ ಬಂದವರಿಗೆ ಓಟು ಹಾಕ್ತೀವಿ, ಯಾರೂ ಅಡ್ಡ ಬರಲ್ಲ."

ಹಾಗಾದರೆ ಪ್ರಜಾಪ್ರಭುತ್ವ ಬಂತಲ್ಲ ಎನ್ನುತ್ತೇನೆ. ಅವರು ಟೇಪಿನ ತುದಿಯನ್ನು ಹಲ್ಲಿನಲ್ಲಿ ಕತ್ತರಿಸುತ್ತಾರೆ. "ಸ್ಟೇಜು ಹಾಕಿದ ಹಾಗಾಯ್ತಮ್ಮ. ಸ್ಟೇಜಿಲ್ಲದೆ ಸಭೆ ಇಲ್ಲ, ನಿಜ. ಹಾಗಂತ ಸ್ಟೇಜು ಒಂದೇ ಇದ್ರೆ ಅದನ್ನ ಸಭೆ ಅಂತಾರಾ?"

ಅವರಿಗೂ ಇದು ಹೊಳೆದದ್ದು ಒಂದು ಪೆದ್ದುತನದಿಂದ. ಮೈಕು ಹಿಡಿದು ಹಿಂದಿನ ಸಾಲಿನವರೆಗೆ ಹೋಗಿ ಸದ್ದು ಪರೀಕ್ಷಿಸುವುದು ಅವರ ಪದ್ಧತಿ. ಹೋದ ವರ್ಷದ ಸಭೆಯಲ್ಲಿ ಆ ಮೈಕನ್ನು ಅಲ್ಲೇ ಬೆಂಚಿನ ಮೇಲೆ ಮರೆತು ಬಂದರು, ಆರಿಸುವುದನ್ನೂ ಮರೆತರು. ಪಕ್ಕದಲ್ಲಿ ಕುಳಿತಿದ್ದವರು ವಾರ್ಡಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ಆಯಮ್ಮ. ವೇದಿಕೆಯ ಮೇಲೆ ವಾರ್ಡಿನ ಸದಸ್ಯರು ತಮ್ಮ ಸಾಧನೆ ಹೇಳುತ್ತಿದ್ದಾಗ ಆಯಮ್ಮ ಪಕ್ಕದವಳ ಕಿವಿಯಲ್ಲಿ ಗೊಣಗಿದ್ದು ಭವನಕ್ಕೆಲ್ಲ ಕೇಳಿಸಿತು: "ಹೆರಿಗೆ ಕೋಣೆಗೆ ಬೀಗ ಜಡಿದು ಇಲ್ಲಿ ಬಂದು ಜಂಬ ಕೊಚ್ಚಿಕೊಳ್ತಾನೆ."

ಜನ ಬಿದ್ದು ಬಿದ್ದು ನಕ್ಕರು. ಸದಸ್ಯರ ಮುಖ ಕೆಂಪಾಯಿತು. "ನಿಮ್ಮ ಓಟಿಂದಲೇ ಗೆದ್ದು ಬಂದಿದ್ದೀನಿ. ನಿಮ್ಮ ಪರವಾಗಿ ಮಾತಾಡೋಕೆ ನಾನಿದ್ದೀನಲ್ಲ?" ಎಂದರು.

ಆಯಮ್ಮ ಎದ್ದು ನಿಂತರು. "ಗೆದ್ದಿದ್ದು ನೀನೇ ಕಣಪ್ಪ, ಇಲ್ಲ ಅನ್ನಲ್ಲ. ಹೆರಿಗೆ ಆಗೋದು ಮಾತ್ರ ನಮ್ಮ ಹೆಣ್ಣುಮಕ್ಕಳಿಗೆ."

ಮೈಕು ಆರಿಸು ಎಂದು ಸದಸ್ಯರು ಸನ್ನೆ ಮಾಡಿದರು. ಟೆಸ್ಟಿಂಗಣ್ಣನ ಬೆರಳು ಗುಂಡಿಯ ಮೇಲೇ ಇತ್ತು. "ಯಾಕೋ ಗೊತ್ತಿಲ್ಲಮ್ಮ, ಕೈ ಆ ಕಡೆ ತಿರುಗ್ಲೇ ಇಲ್ಲ. ಇನ್ನೊಂಚೂರು ಏರಿಸಿಬಿಟ್ಟೆ." ಯಾರಿಗೂ ಸದ್ದು ಏರಿಸದ ಮನುಷ್ಯ ಅವತ್ತು ಒಬ್ಬರಿಗೆ ಏರಿಸಿದರು.

ಅದಾದ ಮೇಲೆ ಅವರಿಗೆ ಕರೆ ಬರುವುದು ನಿಂತಿತು. ಸ್ಪೀಕರುಗಳು ಮಂಚದ ಕೆಳಗೆ ಸೇರಿದವು. ಹೆಂಡತಿ ಮಾತ್ರ ವಾರಕ್ಕೊಮ್ಮೆ ಗವಸು ತೆಗೆದು ಧೂಳು ಒರೆಸುತ್ತಿದ್ದರು. "ಬೈದು ಬಿಡೋಣ ಅಂತಿದ್ದೆ. ಆಯಮ್ಮನ ಮುಖ ನೆನಪಾಗಿ ಸುಮ್ಮನಾದೆ" ಎನ್ನುತ್ತಾರೆ.

ಮುಂದಿನ ಸಭೆಗೆ ಬಂದ ಹೊಸ ಮೈಕಿನವನು ವೇದಿಕೆಗಷ್ಟೇ ಮೈಕಿಟ್ಟ. ಸದಸ್ಯರು ಬಾಯಿ ತೆರೆದಾಗಲೆಲ್ಲ ಹಿಂದಿನ ಸಾಲಿನಿಂದ ಒಂದೇ ಕೂಗು: "ಕೇಳಿಸ್ತಿಲ್ಲ." ಇಷ್ಟು ಜೋರಾಗಿದೆಯಲ್ಲ ಎಂದು ಸದಸ್ಯರು ಕೇಳಿದರೆ ಆಯಮ್ಮ, "ನಿಮ್ಮದು ನಮಗೆ ಕೇಳಿಸ್ತಿದೆ, ನಮ್ಮದು ನಿಮಗೆ ಕೇಳಿಸ್ತಿಲ್ಲ" ಎಂದರು. ಕೊನೆಗೆ ಆ ಹೊಸಬನೇ ಮೆಟ್ಟಿಲ ಕೆಳಗಿನ ಅಂಗಡಿಗೆ ಬಂದು ನಿಂತ. "ಅಣ್ಣ, ನಿಮ್ಮ ಇನ್ನೊಂದು ಮೈಕು ಕೊಡಿ. ಇಲ್ಲಾಂದ್ರೆ ಅವರು ನನ್ನನ್ನ ಮನೆಗೆ ಹೋಗೋಕೆ ಬಿಡಲ್ಲ." ಮೈಕೂ ಬಂತು, ಮೈಕಿನ ಯಜಮಾನರೂ ಬಂದರು.

ಅಂದು ಎಷ್ಟೋ ಹೆಣ್ಣುಮಕ್ಕಳು ಮೊದಲ ಸಲ ಮೈಕು ಹಿಡಿದರು. ಮಾತು ಮರೆತು ವೇದಿಕೆಯನ್ನೇ ನೋಡುತ್ತ ನಿಂತವರಿಗೆ ಟೆಸ್ಟಿಂಗಣ್ಣ ಮೆಲ್ಲಗೆ, "ಅಕ್ಕ, ಅವರನ್ನ ನೋಡಬೇಡಿ. ನನ್ನ ಕಡೆ ನೋಡ್ಕೊಂಡು ಹೇಳಿ" ಎನ್ನುತ್ತಿದ್ದರು. ಕುಳ್ಳಗಿನವರಿಗೆ ಸ್ಟ್ಯಾಂಡು ತಗ್ಗಿಸುತ್ತಿದ್ದರು. ಎಲ್ಲರೂ ಕೇಳಿದ್ದು ಹೆರಿಗೆ ಕೋಣೆಯನ್ನೇ. ಕೊನೆಗೆ ಅದರ ಬೀಗ ತೆರೆಯಿತು. ಹಳೆಯ ಬಾಗಿಲಿಗೆ ಹೊಸ ಬಣ್ಣ ಬಂದಿದೆ. ನಿನ್ನೆ ನಾನೇ ಹೋಗಿದ್ದೆ. ಒಳಗಿನಿಂದ ಎಳೆಗೂಸಿನ ಅಳು ಕೇಳಿ, ಯಾರ ಮಗು ಎಂದು ಗೊತ್ತಿಲ್ಲದೆಯೂ ಹಿಗ್ಗಿ ಬಂದೆ.

ಈಗ ಭವನ ತುಂಬಿದೆ. ಹೊರಗಿನ ಜಗುಲಿಯಲ್ಲೂ ಕೂಸುಗಳನ್ನೆತ್ತಿಕೊಂಡ ತಾಯಂದಿರು ಕುಳಿತಿದ್ದಾರೆ. ನಿಯಮ ಬೇಕೆನ್ನುವವರು ಕೈ ಎತ್ತಿ ಎಂದಾಗ ಕೈಗಳ ತೋಪೇ ಏಳುತ್ತದೆ. ವೇದಿಕೆಯ ಮೇಲೆ ವಾರ್ಡಿನ ಸದಸ್ಯರೂ ತುಸು ತಡೆದು ಕೈ ಎತ್ತುತ್ತಾರೆ. "ಬೈಸ್ಕೊಂಡು ಬೈಸ್ಕೊಂಡು ನನಗೂ ಅಭ್ಯಾಸ ಆಯ್ತು" ಎನ್ನುತ್ತಾರೆ. ಚಪ್ಪಾಳೆ ನಿಲ್ಲುವುದೇ ಇಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟುತ್ತಿರುವವರು ಆಯಮ್ಮ.

"ರೀ, ಇವತ್ತಾದ್ರೂ ಎರಡು ಮಾತಾಡ್ರಿ" ಎಂದು ಹೆಂಡತಿ ತಳ್ಳುತ್ತಾರೆ. ಸದಸ್ಯರು ವೇದಿಕೆಗೆ ಕರೆಯುತ್ತಾರೆ. ಟೆಸ್ಟಿಂಗಣ್ಣ ವೇದಿಕೆ ಹತ್ತದೆ ಹಿಂದಿನ ಸಾಲಿಗೆ ನಡೆದು ಮೈಕು ಹಿಡಿಯುತ್ತಾರೆ. ಕಿವಿ ಕೆಂಪಾಗಿದೆ.

"ಎಲ್ಲರಿಗೂ ಕೇಳಿಸ್ತಿದೆಯಾ?"

"ಕೇಳಿಸ್ತಿದೆ" ಎಂದು ಭವನವೆಲ್ಲ ಒಂದೇ ದನಿಯಲ್ಲಿ.

ಜಗುಲಿಯಿಂದ ಒಬ್ಬ ಹುಡುಗಿ, ಮಡಿಲಲ್ಲಿ ಹಸುಗೂಸು, ಕತ್ತು ಚಾಚಿ ಹೇಳುತ್ತಾಳೆ: "ನಿಮ್ಮದು ಕೇಳಿಸ್ತಿದೆ ಅಣ್ಣ. ಮೈಕು ಮಾತ್ರ ಇಲ್ಲಿತನಕ ಬರ್ತಿಲ್ಲ."

ಜನ ನಗುತ್ತಾರೆ. ಟೆಸ್ಟಿಂಗಣ್ಣ ನಗುವುದಿಲ್ಲ. ಮೈಕು ಕೆಳಗಿಟ್ಟು, ಎರಡೂ ತೋಳು ಚಾಚಿ ಹೊಸ್ತಿಲಿನಿಂದ ಜಗುಲಿಯ ಕೊನೆಯವರೆಗೆ ವೈರು ಎಷ್ಟು ಬೇಕೆಂದು ಮಾರು ಹಾಕುತ್ತ ಹೋಗಿ, ಆ ಹುಡುಗಿಯ ಮುಂದೆ ನಿಲ್ಲುತ್ತಾರೆ.

"ಮುಂದಿನ ಸಭೆಗೆ ಎಳೀತೀನಿ, ತಾಯಿ. ನೀನು ಇಲ್ಲೇ ಕೂತ್ಕೋ."