ಎದುರು ಪಕ್ಷದ ಇಂಧನ

ನ್ಯೂಟ್ರಾನುಗಳ ಕಾಟ ಕಡಿಮೆಯಿರುವ ಪರಮಾಣು ಸಮ್ಮಿಲನಕ್ಕೆ ಯಾವ ಇಂಧನಗಳ ಜೋಡಿ ತಕ್ಕದ್ದೆಂದು ಮೂರು ದಶಕ ತೂಗಿ ನೋಡಿ, ಈಗ ನಿವೃತ್ತರಾಗುತ್ತಿರುವ ಮೇಡಂ ಅವರ ಸ್ಥಾನ ಈ ಕ್ಷೇತ್ರದಲ್ಲಿ ಎಲ್ಲಿ ಎಂದು ಕೇಳಿದರೆ, ವಿಭಾಗದವರು ಒಕ್ಕೊರಲಿನಿಂದ ಹೇಳುವ ಉತ್ತರ: ಎದುರು ಪಕ್ಷದಲ್ಲಿ. ಹೆಸರಿಗೆ ಅದು ಸಮ್ಮಿಲನ ವಿಭಾಗ. ಅಲ್ಲಿ ಇಬ್ಬರ ಅಭಿಪ್ರಾಯ ಸಮ್ಮಿಲನಗೊಂಡದ್ದಕ್ಕೆ ದಾಖಲೆಯಿಲ್ಲ.

ಜಗತ್ತು ಮೆಚ್ಚಿದ ಡ್ಯೂಟೀರಿಯಂ–ಟ್ರೀಷಿಯಂ ಜೋಡಿ ಸುಲಭವಾಗಿ ಬೆಸೆಯುತ್ತದೆ, ನಿಜ. ಆದರೆ ಹುಟ್ಟಿದ ಶಕ್ತಿಯಲ್ಲಿ ಐದಕ್ಕೆ ನಾಲ್ಕು ಪಾಲನ್ನು ನ್ಯೂಟ್ರಾನುಗಳು ಹೊತ್ತೊಯ್ದು ಯಂತ್ರದ ಗೋಡೆಯನ್ನೇ ಜರ್ಜರಿತಗೊಳಿಸುತ್ತವೆ. ಮೇಡಂ ಮನಸೋತದ್ದು ಡ್ಯೂಟೀರಿಯಂ–ಹೀಲಿಯಂ-3 ಜೋಡಿಗೆ. ಅದರಲ್ಲಿ ನ್ಯೂಟ್ರಾನ್ ಕಡಿಮೆ; ಹೀಲಿಯಂ-3 ಸಿಗುವುದು ಅದಕ್ಕಿಂತ ಕಡಿಮೆ. ಅವರ ಶಿಷ್ಯೆ ಬೋರಾನ್ ಪಕ್ಷದವಳು. ಪ್ರೋಟಾನ್–ಬೋರಾನ್ ಜೋಡಿಯಲ್ಲಿ ನ್ಯೂಟ್ರಾನ್ ಇಲ್ಲವೆನ್ನುವಷ್ಟು ಅಲ್ಪ, ಬೋರಾನ್ ಧಾರಾಳ. ಆದರೆ ಅದಕ್ಕೆ ಬೇಕಾದ ಕಾವು ವಿಪರೀತ, ಆ ಕಾವಿನ ಬಹುಪಾಲು ಎಕ್ಸ್‌ರೇ ಆಗಿ ಸೋರಿಹೋಗುತ್ತದೆ.

ಶಿಷ್ಯೆ ಸೇರಿದ ದಿನವೇ, ಎದುರು ಪಕ್ಷದ ಪರ ವಾದಿಸಬೇಕೆಂಬ ಮೇಡಂ ಅವರ ಪದ್ಧತಿ ಅವಳಿಗೆ ತಗುಲಿಕೊಂಡಿತು.

"ಬೋರಾನ್ ಮೇಲೆ ಕೆಲಸ ಮಾಡ್ಬೇಕು ಅಂತ ಬಂದೆ, ಮೇಡಂ."

"ಮಾಡು. ಮೊದಲು ಆರು ತಿಂಗಳು ಹೀಲಿಯಂ ಪರ ವಾದ ಮಾಡು."

"ನಂಗೆ ಅದು ಇಷ್ಟ ಇಲ್ವಲ್ಲ."

"ಅದಕ್ಕೇ ಕಣಮ್ಮ. ಇಷ್ಟ ಇರೋದನ್ನ ಹೊಗಳೋಕೆ ಸಂಬಳ ಯಾಕೆ ಕೊಡ್ಬೇಕು?"

ಅವಳು ಗೊಣಗುತ್ತಲೇ ಕಲಿತಳು. ಅವಳ ತಾಯಿ ಆಸ್ಪತ್ರೆ ಸೇರಿದಾಗ, ಅರ್ಧಕ್ಕೆ ನಿಂತ ಬೋರಾನ್ ಲೆಕ್ಕಗಳನ್ನು ಮೇಡಂ ತಾವೇ ಮುಂದುವರಿಸಿದರು. ಪರಪಕ್ಷದ ಕೂಸನ್ನು ಎತ್ತಿ ಆಡಿಸಿದ ಆ ಒಂದು ತಿಂಗಳಲ್ಲಿ ಅದಕ್ಕೆ ಒಂದು ಹಲ್ಲೂ ಹೆಚ್ಚಾಗಿ ಬಂದಿತ್ತು: ಶಿಷ್ಯೆ ಬಿಟ್ಟಿದ್ದ ಒಂದು ತಪ್ಪನ್ನು ಅವರು ತಿದ್ದಿದ್ದರು, ಅದೂ ಬೋರಾನಿಗೆ ಲಾಭವಾಗುವಂತೆ.

ಮುಂದೆ ಹೊಸ ಯಂತ್ರ ಕಟ್ಟುವ ಸಭೆ ಬಂತು. ಯಂತ್ರ ಒಂದೇ, ಇಂಧನವೂ ಒಂದೇ. ಸೋತ ಪಕ್ಷದ ಕೋಣೆಗೆ ಬೀಗ. ಅಲ್ಲಿಯೂ ಪದ್ಧತಿ ತಪ್ಪಲಿಲ್ಲ. ಹೀಲಿಯಂ ಪರ ಶಿಷ್ಯೆ, ಬೋರಾನ್ ಪರ ಮೇಡಂ. ಗುರುಗಳ ಇಪ್ಪತ್ತು ವರ್ಷದ ದುಡಿಮೆಯನ್ನು ಉಳಿಸಿಯೇ ತೀರಬೇಕೆಂದು ಶಿಷ್ಯೆ ತನ್ನ ಮುದ್ದಿನ ಬೋರಾನಿನ ಸೋರಿಕೆಯನ್ನು ಎಳೆ ಎಳೆಯಾಗಿ ಬಿಚ್ಚಿಟ್ಟಳು. ನಿರ್ದೇಶಕರು ತಲೆದೂಗಿದರು.

ಮೇಡಂ ಎದ್ದರು. "ಸೋರುತ್ತೆ, ಒಪ್ಪಿದೆ. ಎಷ್ಟು ಸೋರುತ್ತೆ ಅಂತ ನಮ್ಮ ಕೈಯಾರೆ ಅಳೆಯೋಕೆ ಸಣ್ಣ ಯಂತ್ರ ಸಾಕು. ಹೀಲಿಯಂ ಯಂತ್ರದಲ್ಲಿ ಡ್ಯೂಟೀರಿಯಂ ತನ್ನ ತಾನೇ ಬೆಸೆದುಕೊಂಡು ನ್ಯೂಟ್ರಾನ್ ಎಬ್ಬಿಸುತ್ತೆ. ಸುತ್ತ ಮನೆಗಳಿರೋ ಈ ಕಟ್ಟಡಕ್ಕೆ ಅಷ್ಟು ದಪ್ಪ ಗೋಡೆ ಎಲ್ಲಿಂದ ತರೋದು? ಹೀಲಿಯಂ ಪರ ಇದ್ದಾಗ ಈ ಮಾತನ್ನ ಮೆಲ್ಲಗೆ ಹೇಳ್ತಿದ್ದೆ. ಇವತ್ತು ಜೋರಾಗಿ ಹೇಳ್ತಿದ್ದೀನಿ."

ಬೋರಾನ್ ಗೆದ್ದಿತು. ಮೊಗಸಾಲೆಯಲ್ಲಿ ಶಿಷ್ಯೆ, ವಾದದಲ್ಲಿ ಸೋತು ಇಂಧನದಲ್ಲಿ ಗೆದ್ದ ಮುಖವನ್ನು ಎಲ್ಲಿಟ್ಟುಕೊಳ್ಳುವುದೆಂದು ತಿಳಿಯದೆ ನಿಂತಿದ್ದಳು.

"ಸ್ವಲ್ಪ ಸಡಿಲ ಬಿಡಬಹುದಿತ್ತು, ಮೇಡಂ."

"ನೀನು ಬಿಟ್ಯಾ?"

"ಇಲ್ಲ."

"ಮತ್ತೆ? ಚೆನ್ನಾಗಿ ಮಾತಾಡಿದೆ. ಒಂದು ಗಳಿಗೆ ನನ್ನ ಹೀಲಿಯಂ ಗೆದ್ದುಬಿಡುತ್ತೇನೋ ಅಂತ ಆಸೆ ಹುಟ್ಟಿತ್ತು. ನಡಿ, ಹೊಟ್ಟೆ ಚುರುಗುಟ್ತಿದೆ."

ಅಂದಿನಿಂದ ನಿವೃತ್ತಿಯವರೆಗೆ ಮೇಡಂ ದುಡಿದದ್ದು ತಮ್ಮನ್ನು ಸೋಲಿಸಿದ ಯಂತ್ರಕ್ಕೆ. ಅದು ತಿಂದಷ್ಟು ಶಕ್ತಿಯನ್ನು ಇನ್ನೂ ಹಿಂದಿರುಗಿಸಿಲ್ಲ. ಆ ವಿಷಯದಲ್ಲಿ ಸುಳ್ಳು ಹೇಳುವವರನ್ನು ಮೇಡಂ ತಯಾರು ಮಾಡಿಲ್ಲ. ಆದರೆ ಅಂದು ಜಗಳವಾಗಿದ್ದ ಸೋರಿಕೆ ಇಂದು ಅಳೆದ ಅಂಕಿ.

ಈಗ ವಿಭಾಗದ ಮುಖ್ಯಸ್ಥೆಯಾಗಿರುವ ಶಿಷ್ಯೆ, ಮುಂದಿನ ಯಂತ್ರದ ಸಭೆಗೆ ಗುರುಗಳನ್ನು ಆಹ್ವಾನಿಸಿದ್ದಾಳೆ. ಈ ಬಾರಿ ಪದ್ಧತಿಯಿಂದ ಅವರಿಗೊಬ್ಬರಿಗೆ ವಿನಾಯಿತಿ: ಹೀಲಿಯಂ ಪರ ಅವರೇ ಮಾತಾಡಬೇಕು, ಮೆಲ್ಲಗೆ ಹೇಳಬೇಕಾದದ್ದನ್ನು ಮೆಲ್ಲಗೆ ಹೇಳುವ ಹಕ್ಕಿನೊಡನೆ. ಇಷ್ಟು ಕಾಲ ನುಂಗಿಕೊಂಡ ಮಾತು ಒಂದು ಸಭೆಗೆ ಮುಗಿಯುವಂಥದ್ದಲ್ಲ. ಆದ್ದರಿಂದ ಅವರ ಆಯುಷ್ಯ ದೀರ್ಘವಾಗಲಿ, ಗಂಟಲು ಗಟ್ಟಿಯಾಗಿರಲಿ. ಬೋರಾನ್ ಪಕ್ಷದವರೆಲ್ಲ ಅವರ ಕೈಯಲ್ಲಿ ಒಮ್ಮೆಯಾದರೂ ಮರ್ಯಾದೆಯಿಂದ ಸೋಲುವಂತಾಗಲಿ.