ಪಕ್ಕದ ಸೀಟಿನ ಡ್ರೈವರು

ಆಗಸ್ಟಿನ ಒಂದು ಭಾನುವಾರ ಬೆಳಿಗ್ಗೆ, ಮಳೆ ಸ್ವಲ್ಪ ಬಿಟ್ಟಿದ್ದಾಗ, ಕೊಟ್ಟಾರದ ನನ್ನ ಅಂಗಡಿಯ ಎದುರಿನಿಂದ ವ್ಯಾನು ಹೊರಡಿಸಿದೆ. ಕದ್ರಿಗೆ ಹೋಗಿ, ಅಲ್ಲಿಂದ ಕುದ್ರೋಳಿಗೆ, ಮತ್ತೆ ವಾಪಸು. ಎಲ್ಲ ಸೇರಿ ಹನ್ನೆರಡು ಹದಿಮೂರು ಕಿಲೋಮೀಟರ್ ಇರಬಹುದು. ಇದನ್ನೂ ಪ್ರವಾಸ ಎನ್ನುತ್ತೀಯಾ ಎಂದು ಪಕ್ಕದ ಟಯರ್ ಅಂಗಡಿಯವರು ನಕ್ಕರು. ನಾನೂ ನಕ್ಕೆ.

ಕಾರುಗಳಿಗೆ ಸೀಟ್ ಕವರ್ ಹೊಲಿಯುವುದು ನನ್ನ ಕೆಲಸ. ಗಿರಾಕಿಯೊಬ್ಬರಿಂದ ಕೊಂಡ ಹಳೆಯ ವ್ಯಾನಿನ ಹಿಂದಿನ ಸೀಟುಗಳನ್ನು ಕಳಚಿ, ಫೋಮಿನ ಹಾಸಿಗೆ ಮಾಡಿ, ಕಿಟಕಿಗಳಿಗೆ ಸ್ಟೀಲ್ ಬಳೆಯ ಪರದೆ ಹಾಕಿದ್ದೆ. ಒಂದು ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು. ಇದರಲ್ಲೇ ಮಲಗಿ, ಇದರಲ್ಲೇ ಚಾ ಕಾಯಿಸಿಕೊಂಡು ಊರೂರು ತಿರುಗುವ ಆಸೆ ನನ್ನೊಬ್ಬಳದ್ದಲ್ಲ. ಇಂಥ ವ್ಯಾನುಗಳ ವಿಡಿಯೊ ನೋಡುತ್ತಾ ಪರಿಚಯವಾದ ಏಳೆಂಟು ಮಂದಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೆವು. ಕಾರವಾರದಲ್ಲಿ ಒಬ್ಬರು ಮೇಷ್ಟ್ರು, ರತ್ನಾಗಿರಿಯಲ್ಲಿ ಒಬ್ಬಳು ನರ್ಸ್, ಕೊಲ್ಲಾಪುರದಲ್ಲಿ ಗಂಡ ಹೆಂಡತಿ. ಯಾರೂ ಯಾರನ್ನೂ ಕಂಡವರಲ್ಲ. ಮಳೆಗಾಲ ಮುಗಿದ ಕೂಡಲೇ ಹೊರಟು ಒಬ್ಬೊಬ್ಬರ ಮನೆಯೆದುರು ವ್ಯಾನು ನಿಲ್ಲಿಸುವುದೆಂದು ಎರಡು ವರ್ಷದಿಂದ ದಾರಿಯ ಲೆಕ್ಕ ಹಾಕುತ್ತಿದ್ದೆವು.

ಊರೊಳಗೆ ನನ್ನ ಕೈ ಚೆನ್ನಾಗಿ ನಡೆಯುತ್ತದೆ. ಹೆದ್ದಾರಿಯಲ್ಲಿ ದೊಡ್ಡ ಗಾಡಿ ಹಾರ್ನ್ ಹೊಡೆದರೆ ಮಾತ್ರ ಕಾಲು ಎಲ್ಲಿಟ್ಟೆನೋ ಅಲ್ಲೇ ಗಟ್ಟಿಯಾಗಿಬಿಡುತ್ತದೆ. ಪಕ್ಕದ ಸೀಟಿನಲ್ಲಿ ಇನ್ನೊಬ್ಬ ಡ್ರೈವರು ಕೂರದೆ ನಾನು ಹೊರಡುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಗುಂಪಿಗೆ ಸೇರಿದ ವಾರವೇ ಕೂರುತ್ತೇನೆ ಎಂದವರು ಕುದ್ರೋಳಿಯ ಹಸನಾಕ. ಸೌದಿಯಲ್ಲಿ ವರ್ಷಗಟ್ಟಲೆ ಟ್ರೇಲರ್ ಓಡಿಸಿ ಬಂದವರು. ಅವರಿಲ್ಲದಿದ್ದರೆ ಈ ಪ್ರವಾಸವೇ ಇಲ್ಲ.

ಅವರು ಬರೆಯುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದರು. ಅವರಿಗೆ ನಾವೂ ಹಾಗೆಯೇ ಕಳಿಸುತ್ತಿದ್ದೆವು. ಸೇರಿದ ಹೊಸತರಲ್ಲಿ ಕೆಲವು ವಾರ ಕಳಿಸಿ, ಆಮೇಲೆ ಸ್ವಲ್ಪ ದಿನ ಸುಮ್ಮನಾಗಿ, ಮತ್ತೆ ಶುರುಮಾಡಿದ್ದರು. ಹಾಗೆ ಮತ್ತೆ ಬಂದ ಮೇಲೆ ದನಿ ಬೇರೆ ಇತ್ತು. ಹೆಚ್ಚು ಗಟ್ಟಿ, ಹೆಚ್ಚು ಎಳೆಯದು. ಫೋನು ಬದಲಾಯಿಸಿರಬೇಕು ಎಂದುಕೊಂಡೆವು. ಈಗ ಮನೆಯಲ್ಲೇ ಇರುತ್ತೇನೆ ಎಂದು ಮೊದಲ ವಾರಗಳಲ್ಲಿ ಹೇಳಿದ್ದವರ ಮಾತಿನ ಹಿಂದೆ ಯಾವಾಗಲೂ ಓಡುವ ಗಾಡಿಯ ಸದ್ದು, ಜೋರು ಗಾಳಿ, ಒಮ್ಮೊಮ್ಮೆ ಇಂಡಿಕೇಟರಿನ ಟಿಕ್ ಟಿಕ್ ಇರುತ್ತಿತ್ತು. ಕೇಳಿದ್ದಕ್ಕೆ ನೇರ ಉತ್ತರ ಸಿಗುತ್ತಿರಲಿಲ್ಲ. ಕಾರವಾರದ ಮೇಷ್ಟ್ರು ಕುಂದಾಪುರ ದಾಟಿದ ಮೇಲೆ ಊಟಕ್ಕೆ ಎಲ್ಲಿ ಎಂದು ಕೇಳಿದಾಗ ಬಂದ ಮಾತು ಇದು: "ನೀರು ತುಂಬಿಸಿಕೊಳ್ಳಬೇಕು, ಕಿಟಕಿ ಮುಚ್ಚಬೇಕು. ಇನ್ನು ಮುಂದೆ ಎಂತದ್ದೂ ಇಲ್ಲ." ಅಷ್ಟಕ್ಕೇ ತುಂಡಾಗಿತ್ತು. ನಾವೆಲ್ಲ ನಗುವ ಚಿತ್ರ ಹಾಕಿದೆವು.

ಕದ್ರಿಯ ಏರಿನಲ್ಲಿ, ಪಾರ್ಕಿನ ಹತ್ತಿರ, ಜ್ಯೋತಿ ಕೊಡೆ ಹಿಡಿದು ನಿಂತಿದ್ದಳು. ಗುಂಪಿನಲ್ಲಿ ನಮ್ಮೂರಿನ ಮೂರನೆಯವಳು ಇವಳು. ಮನೆಯಲ್ಲೇ ಕೂತು ವಿಮೆ ಕಂಪನಿಯೊಂದರ ಕೆಲಸ ಮಾಡುತ್ತಾಳೆ. ಅವಳನ್ನೂ ಅವತ್ತೇ ಮೊದಲು ಕಂಡದ್ದು. ಗೋಳಿಬಜೆ ತುಂಬಿದ ಡಬ್ಬ ಕೈಗೆ ಕೊಟ್ಟು, "ಫೋಟೋದಲ್ಲಿ ಬಸ್ಸಿನಷ್ಟು ದೊಡ್ಡದು ಕಾಣ್ತಿತ್ತಲ್ಲ ಮಾರಾಯ್ತಿ, ಇದರಲ್ಲಿ ನನ್ನ ಕಾಲು ಎಲ್ಲಿಡುವುದು?" ಎಂದಳು.

"ಕಾಲು ಕದ್ರಿಯಲ್ಲೇ ಬಿಟ್ಟು ಬಾ," ಎಂದೆ.

ಅವಳು ಹತ್ತಿ ಕೂರುವಾಗ ಇಬ್ಬರ ಫೋನೂ ಒಟ್ಟಿಗೆ ಸದ್ದು ಮಾಡಿದವು. ಹಸನಾಕ. ನಾವು ಬರುವುದನ್ನು ಹಿಂದಿನ ದಿನವೇ ತಿಳಿಸಿದ್ದೆವು. "ನಾನು ಬಾಗಿಲಲ್ಲಿದ್ದೇನೆ. ಬನ್ನಿ." ಇಷ್ಟೇ. ಗಾಳಿ ಇರಲಿಲ್ಲ. ದನಿ ಒರಟು, ಪದಗಳ ನಡುವೆ ತುಂಬ ಜಾಗ. ಹಿಂದೆ ಏನೋ ಕರಕರ ಎನ್ನುತ್ತಿತ್ತು.

"ಈಗಷ್ಟೇ ಎದ್ದಿರಬೇಕು," ಎಂದಳು ಜ್ಯೋತಿ.

ಇನ್ನು ಮುಂದಿನದನ್ನು ಕಂಡಷ್ಟು, ಕೇಳಿದಷ್ಟು ಮಾತ್ರ ಬರೆಯುತ್ತೇನೆ.

ಕುದ್ರೋಳಿ ತಲುಪುವಾಗ ಮಳೆ ಮತ್ತೆ ಹಿಡಿದಿತ್ತು. ಒಂದು ದಿನಸಿ ಅಂಗಡಿಯಲ್ಲಿ ಹಸನಾಕನ ಮನೆ ಕೇಳಿದೆವು. ಅಂಗಡಿಯವರು ದಾರಿ ತೋರಿಸಿ, "ನೋಡ್ಲಿಕ್ಕೆ ಬಂದದ್ದಾ?" ಎಂದರು. "ಕರ್ಕೊಂಡು ಹೋಗ್ಲಿಕ್ಕೆ," ಎಂದಳು ಜ್ಯೋತಿ. ಅವರು ವ್ಯಾನನ್ನು ನೋಡಿದರು, ನಮ್ಮನ್ನು ನೋಡಿದರು.

ಓಣಿಯ ಕೊನೆಯ ಎರಡಂತಸ್ತಿನ ಮನೆ. ಬಾಗಿಲು ಮುಚ್ಚಿತ್ತು, ಬಾಗಿಲಲ್ಲಿ ಯಾರೂ ಇರಲಿಲ್ಲ. ಬೆಲ್ ಒತ್ತಿದಾಗ ನಡುವಯಸ್ಸಿನ ಹೆಂಗಸೊಬ್ಬರು ತೆರೆದರು. ನಾನು ಹೆಸರು ಹೇಳಿದ ಕೂಡಲೇ ಅವರ ಮುಖದ ಬಣ್ಣ ಇಳಿಯಿತು.

"ವಾರಿಜಕ್ಕನಾ? ನಿಜವಾಗಿ ಬಂದ್ರಾ? ಹಾಗೇ ಹೇಳುವುದು ಅಂದ್ಕೊಂಡಿದ್ದೆ. ನಾನು ಸಫಿಯ, ಮಗಳು." ಸ್ವಲ್ಪ ತಡೆದು, "ಉಪ್ಪ ಮೇಲೆ ಇದ್ದಾರೆ," ಎಂದರು.

ಮಹಡಿಯ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಮಂಚ. ಅದರ ಮೇಲೆ ಮಲಗಿದ್ದವರು ಎಂಬತ್ತರ ಹತ್ತಿರದ ಮುದುಕ. ನಾವು ಕೇಳುತ್ತಿದ್ದ ದನಿ ನಲವತ್ತರ ಗಂಡಸಿನದು. ದಿಂಬಿನ ಮಗ್ಗುಲಿಗೆ ಫೋನು. ಕಣ್ಣು ತೆರೆದೇ ಇತ್ತು, ನೋಟ ನಮ್ಮ ಮೇಲೆ ಇರಲಿಲ್ಲ.

"ಎಡಭಾಗ ಪೂರ್ತಿ ಹೋಗಿದೆ," ಎಂದರು ಸಫಿಯ. "ಮಾತೂ ಹೋಯ್ತು. ಬರುವುದಿಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ಮೊದಲು ಕೆಲವು ವಾರ ಮಾತಾಡಿದ್ದು ಅವರೇ, ಅಕ್ಕ. ಆಮೇಲೆ ಕಳಿಸಿದ್ದೆಲ್ಲ ನಾನು."

"ದನಿ?" ಎಂದಳು ಜ್ಯೋತಿ.

ಸಫಿಯ ಕಪಾಟು ತೆರೆದರು. ಒಳಗೆ ಸಾಲಾಗಿ ಕ್ಯಾಸೆಟ್ಟುಗಳು. ಆ ಕಾಲದಲ್ಲಿ ಗಲ್ಫಿನಿಂದ ಕಾಗದದ ಬದಲು ಮಾತು ತುಂಬಿದ ಕ್ಯಾಸೆಟ್ಟು ಬರುತ್ತಿತ್ತು, ಊರಿಗೆ ಬರುವವರ ಕೈಯಲ್ಲಿ. ಹಸನಾಕ ಟ್ರೇಲರ್ ಓಡಿಸುತ್ತಲೇ ರೆಕಾರ್ಡು ಮಾಡುತ್ತಿದ್ದರಂತೆ. ಹೆಂಡತಿಗೆ ಹೇಳುವುದು ಮನೆಮಾತಾದ ಬ್ಯಾರಿಯಲ್ಲಿ, ಮಗಳಿಗೆ ಕನ್ನಡದಲ್ಲಿ. ಶಾಲೆಯ ಭಾಷೆ ತನಗೂ ಮರೆಯಬಾರದೆಂದು. ಮರುಭೂಮಿಯ ದಾರಿಯನ್ನು ಪಕ್ಕದಲ್ಲಿ ಕೂತ ಮಗಳಿಗೆ ತೋರಿಸುವ ಹಾಗೆ ಹೇಳಿಕೊಂಡು ಹೋಗಿದ್ದಾರೆ. ನಾವು ಕಾರವಾರದ ದಾರಿಯೆಂದು ಬರೆದಿಟ್ಟುಕೊಂಡದ್ದು ಅದನ್ನು.

"ಕೊನೆಗೆ ಪ್ರತಿ ಸಲ 'ಮೋಳೆ', ಮಗಳೇ, ಅಂತ ನನ್ನನ್ನು ಕರೀತಾರೆ. ಅಷ್ಟನ್ನು ಕತ್ತರಿಸಿ ಕಳಿಸ್ತಿದ್ದೆ," ಎಂದರು.

"ನಮ್ಮನ್ನು ಮಂಗ ಮಾಡಿದ್ದಾ?" ಜ್ಯೋತಿಯ ದನಿ ಏರಿತು.

"ಬೈಯಿರಿ, ತೊಂದರೆ ಇಲ್ಲ. ನಿಮ್ಮ ಮಾತು ಹಾಕಿದ್ರೆ ಮಾತ್ರ ಅವರು ಕಣ್ಣು ತೆರೆಯುವುದು, ಬಾಯಿಗೆ ಹಾಕಿದ ಗಂಜಿ ನುಂಗುವುದು. ಉತ್ತರ ಕೊಡದಿದ್ರೆ ನೀವು ಕರೆಯುವುದು ನಿಲ್ಲಿಸ್ತೀರಿ ಅಲ್ವಾ? ನೀವು ನಿಲ್ಲಿಸಿದ ದಿನ ಉಪ್ಪ ಇರುವುದಿಲ್ಲ. ಅದಕ್ಕೆ."

ನನಗೂ ಸಿಟ್ಟು ಬಂದಿತ್ತು. ಎರಡು ವರ್ಷ ಹೊಲಿದ ಹಾಸಿಗೆ, ಪರದೆ ಎಲ್ಲ ಆ ಮಂಚದ ಎದುರು ನಿಂತಾಗ ಮುಗಿದವು ಎನಿಸಿತು. ಆದರೂ ಒಂದು ಮಾತು ಕೇಳಿದೆ. "ಇವತ್ತು ಬೆಳಿಗ್ಗೆಯದ್ದು ಯಾವ ಕ್ಯಾಸೆಟ್ಟು?"

"ಇವತ್ತು ನಾನು ಎಂತದ್ದೂ ಕಳಿಸಲಿಲ್ಲ."

ಫೋನು ತೆಗೆದು ಕೇಳಿಸಿದೆ. ನಾನು ಬಾಗಿಲಲ್ಲಿದ್ದೇನೆ. ಬನ್ನಿ. ಸಫಿಯ ಗೋಡೆಗೆ ಕೈಯಾನಿಸಿದರು. ಇಂಥ ಮಾತು ಯಾವ ಕ್ಯಾಸೆಟ್ಟಿನಲ್ಲೂ ಇಲ್ಲ ಎಂದರು. ಜ್ಯೋತಿ ತಲೆಯೆತ್ತಿ ನೋಡುತ್ತಿದ್ದಳು. ನಾನೂ ನೋಡಿದೆ. ಮಂಚದ ಮೇಲಿನ ಹಳೆಯ ಫ್ಯಾನು ತಿರುಗುವಾಗ ಕರಕರ ಎನ್ನುತ್ತಿತ್ತು. ಫೋನಿನಲ್ಲಿದ್ದದ್ದು ಆ ಸದ್ದು.

ಸಫಿಯ ತಂದೆಯ ಬಾಯಿಯ ಹತ್ತಿರ ಕಿವಿ ಇಟ್ಟು ಬ್ಯಾರಿಯಲ್ಲಿ ಏನೋ ಕೇಳಿದರು. ತುಟಿ ಅಲುಗಲಿಲ್ಲ. ಅಡುಗೆಮನೆಯಿಂದ ಪತ್ತಿರ್, ಮೀನಿನ ಸಾರು ಹಿಡಿದು ಬಂದ ಸಫಿಯರ ತಾಯಿ ನಮ್ಮ ಮುಖ ನೋಡಿ ತಟ್ಟೆ ಕೆಳಗಿಟ್ಟರು. ಮಾತು ಹೋದ ಮೇಲೆ ಆ ಬಾಯಿಂದ ಒಂದು ಶಬ್ದವನ್ನೂ ತಾನು ಕೇಳಿಲ್ಲ ಎಂದರು. ನಮಗೆ ಊಟ ಮಾಡಿಸದೆ ಬಿಡಲಿಲ್ಲ. ತೆಳ್ಳಗಿನ ಆ ಅಕ್ಕಿರೊಟ್ಟಿಯ ರುಚಿ ನನಗೆ ನೆನಪಿಲ್ಲ.

ಹೊರಡುವ ಮುಂಚೆ ವ್ಯಾನನ್ನು ಅವರ ಕಿಟಕಿಯ ಕೆಳಗೆ ತಂದು ನಿಲ್ಲಿಸಿದೆ. ಯಾಕೆಂದು ನನಗೂ ಗೊತ್ತಿಲ್ಲ. ಎಂಜಿನ್ ಚಾಲೂ ಇಟ್ಟು, ಇಂಡಿಕೇಟರ್ ಹಾಕಿ ಮೇಲೆ ಬಂದೆ. ಸದ್ದು ಕೋಣೆಯೊಳಗೆ ಬರುತ್ತಿತ್ತು. ಹಸನಾಕನ ಬಲಗೈ ಹೊದಿಕೆಯ ಮೇಲೆ ಮುಷ್ಟಿಯಾಯಿತು. ನಿಧಾನವಾಗಿ ಮುಂದೆ, ಪಕ್ಕಕ್ಕೆ, ಹಿಂದೆ ಸರಿಯಿತು. ಗೇರ್ ಹಾಕುತ್ತಿದ್ದರು. ನಮ್ಮ ಗಾಡಿಗಳಲ್ಲಿ ಗೇರ್ ಹಾಕುವುದು ಎಡಗೈಯಲ್ಲಿ, ಸೌದಿಯಲ್ಲಿ ಬಲಗೈಯಲ್ಲಿ. ಅವರು ಇದ್ದದ್ದು ಬೇರೆ ದಾರಿಯಲ್ಲಿ.

"ಬರ್ತೇವೆ ಹಸನಾಕ," ಎಂದೆ.

ಸಫಿಯ ಮೆಟ್ಟಿಲವರೆಗೆ ಬಂದು, "ಕಾಲ್ ಹಾಕಿಟ್ಟುಕೊಂಡು ಹೋಗ್ತೀರಾ? ಅವರ ದಿಂಬಿನ ಹತ್ತಿರ ಇಡ್ತೇನೆ. ಮನೆ ಮುಟ್ಟುವವರೆಗೆ ಸಾಕು," ಎಂದರು. ಇಲ್ಲ ಎನ್ನಲಾಗಲಿಲ್ಲ.

ಜ್ಯೋತಿ ಕದ್ರಿಗೆ ಹೋಗಲು ಒಪ್ಪಲಿಲ್ಲ. "ನಿನ್ನನ್ನು ಒಬ್ಬಳೇ ಬಿಡುವುದಿಲ್ಲ, ಕೊಟ್ಟಾರದಿಂದ ರಿಕ್ಷಾದಲ್ಲಿ ಹೋಗ್ತೇನೆ," ಎಂದು ಹಿಂದಿನ ಹಾಸಿಗೆಯ ಮೇಲೆ ಕೂತಳು. ಮುಂದೆ ಕೂರಲು ಅವಳಿಗೆ ಮನಸ್ಸಾಗಲಿಲ್ಲ, ನಾನೂ ಕರೆಯಲಿಲ್ಲ. ಫೋನು ಪಕ್ಕದ ಸೀಟಿನಲ್ಲಿತ್ತು. ಮಣ್ಣಗುಡ್ಡೆ, ಲೇಡಿಹಿಲ್, ಚಿಲಿಂಬಿ ದಾಟಿದೆವು. ಫ್ಯಾನಿನ ಕರಕರ ಬಿಟ್ಟರೆ ಫೋನಿನಲ್ಲಿ ಬೇರೇನೂ ಇಲ್ಲ.

ಕೊಟ್ಟಾರದಲ್ಲಿ ಹೆದ್ದಾರಿಯ ಪಕ್ಕದ ರಸ್ತೆಗೆ ಸೇರಬೇಕಿತ್ತು. ಮಳೆಗೆ ಗಾಜು ಮಂಜಾಗಿತ್ತು. ಖಾಲಿ ಎಂದುಕೊಂಡು ಮುಂದೆ ಸರಿದೆ. ಎಲ್ಲೋ ಹಾರ್ನ್ ಕೇಳಿತು, ನನ್ನ ಕಾಲು ಯಾವಾಗಿನಂತೆ ಆಕ್ಸಿಲರೇಟರಿನ ಮೇಲೇ ಗಟ್ಟಿಯಾಯಿತು.

"ನಿಲ್ಲಿ."

ಕಾಲು ಬ್ರೇಕಿನ ಮೇಲಿತ್ತು. ತಪ್ಪು ದಿಕ್ಕಿನಿಂದ ಬಂದ ಒಂದು ಬಸ್ಸು ನನ್ನ ಕನ್ನಡಿಯನ್ನು ಮಡಚಿಕೊಂಡು ಹಾದುಹೋಯಿತು. ಪರದೆಯ ಬಳೆಗಳು ಅಲುಗಿ ನಿಂತವು.

"ಹೇಳಿದ್ದು ನೀನಾ?" ಎಂದು ಕೇಳಿದೆ.

"ನಾನಲ್ಲ ಅಕ್ಕ," ಎಂದಳು ಜ್ಯೋತಿ.

ಫೋನಿನಲ್ಲಿ ಕರಕರ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತೆರೆದ ಸದ್ದು, ಸಫಿಯರ ದನಿ: "ಮುಟ್ಟಿದ್ರಾ? ನಾನು ಕೆಳಗೆ ಪಾತ್ರೆ ತೊಳೀತಿದ್ದೆ."

ಮುಟ್ಟಿದೆವು ಎಂದೆ. ಅಂಗಡಿಯೆದುರು ನಿಲ್ಲಿಸಿದ ಮೇಲೂ ಕಾಲ್ ಕಟ್ ಮಾಡಲು ಇಬ್ಬರಿಗೂ ಕೈ ಬರಲಿಲ್ಲ.

ಗುಂಪಿನ ಉಳಿದವರಿಗೆ ಕ್ಯಾಸೆಟ್ಟಿನ ವಿಷಯ ಹೇಳಿದ್ದೇವೆ. ಮೂರನೆಯ ದಿನ ಕಾರವಾರದ ಮೇಷ್ಟ್ರು, ಹಸನಾಕನಿಗೆ ಯಾವ ಹಾಡು ಇಷ್ಟ ಎಂದು ಸಫಿಯರನ್ನು ಕೇಳಿದರು. ಮಳೆ ನಿಂತ ಮೇಲೆ ಹೊರಡುತ್ತೇವೆ. ಪಕ್ಕದ ಸೀಟಿಗೆ ಹೊಸ ಕವರ್ ಹೊಲಿದು, ಎದುರಿಗೆ ಫೋನು ಇಡುವ ಚೀಲವನ್ನೂ ಸೇರಿಸಿದ್ದೇನೆ. ಜ್ಯೋತಿ ಹಿಂದೆ ಕೂರುತ್ತಾಳೆ.