ನೀರಿನ ಬಾಯಿಗೆ ಗಿಲಾವು

ಶಹಾಪುರದ ಸುತ್ತಮುತ್ತಲ ಊರುಗಳಲ್ಲಿ ನೀರಿನ ಟಾಕಿ ಕಟ್ಟುವ ಗೌಂಡಿ ಭಾಗಣ್ಣನಿಗೆ ಒಂದು ಚಟ. ಬೀಡಿಯಲ್ಲ, ಎಲೆಯಡಿಕೆಯಲ್ಲ, ಎಲ್ಲಿ ಬಿರುಕು ಕಂಡರೂ ಕೈ ಸುಮ್ಮನಿರುವುದಿಲ್ಲ. ಬೀಗರ ಮನೆಗೆ ಉಣ್ಣಲು ಹೋದವನು ಅವರ ಬಚ್ಚಲ ಗೋಡೆಗೆ ಸಿಮೆಂಟು ಮೆತ್ತಿ ಬಂದಿದ್ದಾನೆಂದರೆ ನೋಡಿ! ಟಾಕಿಯಲ್ಲಿ ಬಿರುಕು ಎಂದರೆ ನೀರು ಸೋರಿತು ಎಂದೇ ಅರ್ಥ. ಆ ಒಂದು ಮಾತನ್ನು ನಂಬಿ ಅವನು ಮೂವತ್ತು ವರ್ಷ ದುಡಿದಿದ್ದ.

ಈ ಬೇಸಿಗೆಯಲ್ಲಿ ಊರವರು ಕುಡಿಯುವ ನೀರಿನ ಬಾವಿಯ ಹೂಳು ತೆಗೆಸಿ, ಒಳಗೋಡೆಗೆ ಸಿಮೆಂಟಿನ ಗಿಲಾವು ಮಾಡಲು ಅವನನ್ನೇ ಕರೆದರು. ಗೆಳೆಯ ದಸ್ತಗೀರಸಾಬ ತನ್ನ ನೀರೆತ್ತುವ ಇಂಜಿನ್ ಹಚ್ಚಿ ಬಾವಿ ಬರಿದು ಮಾಡಿದ. ತಳದಲ್ಲಿ ಎರಡು ಫರಸಿ ಕಲ್ಲಿನ ಪದರಗಳ ನಡುವೆ ಗೇಣಗಲದ ಸೀಳು ಕಂಡಿತು. ಭಾಗಣ್ಣನ ಕೈ ತುರಿಸತೊಡಗಿತು.

"ಏ ಭಾಗಣ್ಣ, ಅಲ್ಲಿಂದ ನೀರು ಒಳಗ ಬರಾಕತ್ತಾವಲ್ಲೋ!" ಎಂದು ದಸ್ತಗೀರಸಾಬ ಮೇಲಿನಿಂದ ಕೂಗಿದ.

"ಸೋರಿ ಹೋಗಿದ್ದ ನೀರ ತಿರುಗಿ ಬರಾಕತ್ತಾವ. ನೀ ನಿನ್ನ ಇಂಜಿನ್ ನೋಡ್ಕೋ," ಎಂದ ಈ ಜಾಣ.

ಗೋಣಿಚೀಲ ತುರುಕಿ, ಸಿಮೆಂಟು ಬಡಿದು, ಸೀಳು ಇತ್ತೆಂಬ ಗುರುತೂ ಉಳಿಯದಂತೆ ಮುಚ್ಚಿದ. ಗಿಲಾವು ಫಳಫಳ ಹೊಳೆಯಿತು. ಬಾವಿ ಮಾತ್ರ ತುಂಬಲಿಲ್ಲ. ಹತ್ತು ದಿನ ಕಳೆದರೂ ಮೊಣಕಾಲುದ್ದ ನೀರು! "ನೀರಿನ ಬಾಯಿಗೇ ಗಿಲಾವು ಮಾಡ್ಯಾನ" ಎಂದು ಚಹಾದಂಗಡಿಯಲ್ಲಿ ನಕ್ಕರು. ಹೆಂಗಸರು ಅವನ ಮನೆಯ ಮುಂದೆ ಖಾಲಿ ಕೊಡ ಕುಕ್ಕಿ ಬೈದರು. ಕೊನೆಗೆ ಭಾಗಣ್ಣ ಮುಚ್ಚಿದ್ದನ್ನು ಒಡೆದೇಬಿಡುವುದೆಂದು ಉಳಿ, ಸುತ್ತಿಗೆ ತೆಗೆದುಕೊಂಡು ಹೊರಟ.

ಹೊಸ್ತಿಲು ದಾಟುವಷ್ಟರಲ್ಲಿ ದುರಗಮ್ಮ ಎದುರಿಗೆ ಬಂದಳು. ದಿಬ್ಬದ ಮೇಲಿನ ಓಣಿಯವಳು. ಅಲ್ಲಿಯ ಬಾವಿ ಬತ್ತಿ ಹನ್ನೆರಡು ವರ್ಷವಾಗಿತ್ತು. ನೋಯುವ ಮೊಣಕಾಲು ಹಿಡಿದುಕೊಂಡು ಅವಳು ದಿನಕ್ಕೆ ಮೂರು ಸಲ ಕೆಳಗಿನ ಈ ಬಾವಿಗೇ ಇಳಿದು ಬರುತ್ತಿದ್ದಳು. ಇವಳದೂ ಒಂದು ಬೈಗುಳ ಆಗಿಹೋಗಲಿ ಎಂದು ಭಾಗಣ್ಣ ತಲೆ ತಗ್ಗಿಸಿ ನಿಂತ. ಆದರೆ ಅವಳ ಸೊಂಟದ ಮೇಲಿದ್ದದ್ದು ತುಂಬಿದ ಕೊಡ.

"ಕುಡೀರಿ ಅಣ್ಣಾ. ನಮ್ಮ ಬಾವ್ಯಾಗ ನೀರು ಬಂದಾವ, ಎರಡಾಳುದ್ದ ನಿಂತಾವ್ರಿ! ನೀವು ಗಿಲಾವು ಮಾಡಿದ ಮರುದಿನದಿಂದ ಏರಾಕತ್ತಾವ. ನಿಮ್ಮ ಹೊಟ್ಟಿ ತಣ್ಣಗಿರಲ್ರಿ."

ಭಾಗಣ್ಣ ಬೊಗಸೆಯೊಡ್ಡಿ ಕುಡಿದ. ಕುಡಿಯುತ್ತಿದ್ದಂತೆ ಎಲ್ಲ ತಿಳಿಯಿತು. ದಿಬ್ಬದಡಿಯಿಂದ ಬರುವ ನೀರಿಗೆ ಆ ಸೀಳೇ ದಾರಿ. ದಾರಿ ಮುಚ್ಚಿದ್ದರಿಂದ ನೀರು ಕಲ್ಲಿನೊಳಗೇ ಹಿಂದಕ್ಕೆ ಏರಿ ಮೇಲಿನ ಬಾವಿಯಲ್ಲಿ ನಿಂತಿದೆ. ಒಡೆದರೆ ಇವಳ ಬಾವಿ ಬತ್ತುತ್ತದೆ. ಬಿಟ್ಟರೆ ಊರಿಗೆ ನೀರಿಲ್ಲ. ಮುಚ್ಚಿಡದೆ ಅವಳಿಗೆ ಹೇಳಿದ.

ದುರಗಮ್ಮ ಕೊಡ ಕೆಳಗಿಟ್ಟಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಒಡೀರಿ. ಹನ್ನೆರಡು ವರ್ಷ ಕೆಳಗಿನ ನೀರು ಕುಡಿದೀವಿ, ಒಂದು ದಿನ ಯಾರೂ ಬ್ಯಾಡ ಅಂದಿಲ್ಲ. ಅವರ ಬಾಯಿ ಒಣಗಿಸಿ ನಾವು ಹೆಂಗ ಕುಡೀಬೇಕ್ರಿ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಮಾತನ್ನು ತಡೆದುಕೊಳ್ಳಲಾಗದೆ ಉಳಿ, ಸುತ್ತಿಗೆ ಎತ್ತಿಕೊಂಡು ಬಾವಿಯ ಕಡೆ ನಡೆದ.

ಬಾವಿಗಿಳಿದು ಉಳಿ ಇಟ್ಟವನು ಹಾಗೇ ನಿಂತ. ಟಾಕಿ ತುಂಬಿ ಹೆಚ್ಚಾದ ನೀರು ಹೋಗಲೆಂದು ಮೇಲೊಂದು ಪೈಪು ಇಡುತ್ತೇವಲ್ಲ! ದಿಬ್ಬವೂ ಒಂದು ಟಾಕಿಯೇ. ಸೀಳಿಗೆ ಪೈಪು ಕೂಡಿಸಿ, ಅದನ್ನು ಮೇಲಕ್ಕೆ ಬಗ್ಗಿಸಿ ನಿಲ್ಲಿಸಿದರೆ, ಅದರ ಬಾಯಿಯ ಮಟ್ಟದವರೆಗೆ ನೀರು ಮೇಲಿನವರಿಗೆ, ಹೆಚ್ಚಾದದ್ದು ಕೆಳಗಿನವರಿಗೆ. ತಕ್ಷಣ ಮೇಲೆ ಬಂದು, ಮಟ್ಟ ನೋಡುವ ಪೈಪು ಹಿಡಿದು ದಸ್ತಗೀರಸಾಬನೊಂದಿಗೆ ದಿನವಿಡೀ ದಿಬ್ಬ ಹತ್ತಿ ಇಳಿದ. ದುರಗಮ್ಮನ ಬಾವಿಯಲ್ಲಿ ಆಳುದ್ದ ನೀರು ಉಳಿಯುವ ಹಾಗೆ ಲೆಕ್ಕ ಹಾಕಿದ.

ಮರುದಿನ ಒಡೆದಾಗ ನೀರು ರಪ್ಪನೆ ಮುಖಕ್ಕೆ ಹೊಡೆಯಿತು. ಪೈಪು ಕೂಡಿಸುವ ಮೊದಲು ಭಾಗಣ್ಣ ಸೀಳಿನೊಳಗೆ ಭುಜದವರೆಗೂ ಕೈ ಚಾಚಿದ. ಒಳಗೆ ಮಣ್ಣಿನ ಹರವಿಯ ಹೊಟ್ಟೆಯಂತೆ ನುಣ್ಣಗೆ, ಅಗಲವಾಗಿತ್ತು. ಫರಸಿ ಎಂದರೆ ಸುಣ್ಣದ ಕಲ್ಲು. ಮಣ್ಣಿನಲ್ಲಿ ಇಳಿದ ಮಳೆನೀರು ಅದನ್ನು ಕೂದಲಷ್ಟು ಕೂದಲಷ್ಟು ಕರಗಿಸುತ್ತ, ಮನುಷ್ಯರು ಇಲ್ಲಿಗೆ ಬರುವ ಎಷ್ಟೋ ಮೊದಲಿನಿಂದ ನೀರಿನ ಈ ಓಣಿಗಳನ್ನು ಕೊರೆದಿತ್ತು. "ತಪ್ಪಾತವ್ವ," ಎಂದು ಕಲ್ಲಿಗೆ ಹಣೆ ಹಚ್ಚಿದ.

ಪೈಪಿನ ಬಾಯಿಂದ ನೀರು ಬಿದ್ದಿತು. ಆದರೆ ಮೇಲಿನ ಬಾವಿ ಇಳಿಯಲು ಶುರುವಾಯಿತು. ಮೊದಲ ದಿನ ಎರಡು ಮೊಳ ಇಳಿಯಿತು, ಎರಡನೆಯ ದಿನ ಇನ್ನೆರಡು ಮೊಳ. ಎಲ್ಲಿ ನಿಲ್ಲುತ್ತದೋ, ನಿಲ್ಲುತ್ತದೋ ಇಲ್ಲವೋ. ಮೂರನೆಯ ಬೆಳಿಗ್ಗೆ ಗೆಳೆಯರಿಬ್ಬರೂ ಕೆಳಗಿನ ಬಾವಿಯ ಕಟ್ಟೆಯ ಮೇಲೆ ಕೂತಿದ್ದಾಗ ದುರಗಮ್ಮನ ಫೋನ್ ಬಂತು. ಭಾಗಣ್ಣ ಫೋನ್ ಕಿವಿಗೆ ಹಿಡಿದ.

"ಕೆಳಗ ನೀರು ಬೀಳಾಕತ್ತಾವೇನ್ರಿ, ಅಣ್ಣಾ?" ಎಂದಳು. ತನ್ನ ಬಾವಿಯ ಸುದ್ದಿಯೇ ಇಲ್ಲ.

ನೀರು ಬೀಳುವ ಸಪ್ಪಳ ಅವಳಿಗೆ ಕೇಳಲೆಂದು ಭಾಗಣ್ಣ ಫೋನನ್ನು ಬಾವಿಯೊಳಗೆ ಚಾಚಿ ಹಿಡಿದು, ಮತ್ತೆ ಕಿವಿಗೆ ತಂದ.

"ಕೇಳಸ್ತು, ಕೇಳಸ್ತು!" ಎಂದು ಅವಳು ನಕ್ಕಳು. "ಇಲ್ಲೂ ಆಳುದ್ದ ನಿಂತಾವ್ರಿ. ರಾತ್ರಿಯಿಂದ ಬೆರಳಷ್ಟೂ ಇಳಿದಿಲ್ಲ. ಅಣ್ಣಾ? ಯಾಕ್ರಿ ಮಾತಾಡವಲ್ರಿ?"

ದಸ್ತಗೀರಸಾಬ ಅವನ ಕೈಯಿಂದ ಫೋನ್ ತೆಗೆದುಕೊಂಡ.

"ನಿಮ್ಮ ಅಣ್ಣ ಅಳಾಕತ್ತಾನವ್ವ," ಎಂದ. "ಆಮ್ಯಾಲ ಮಾತಾಡ್ತಾನ."